ಯಕ್ಷಗಾನ ಕಲಾವಿದರ ಊರಲ್ಲಿ ರಜೆಗೆ ಬಾಡಿಗೆ ಮನೆ: ಹೊನ್ನಾವರ, ಗುಣವಂತೆ, ಇಡಗುಂಜಿ ಸುತ್ತಮುತ್ತ — ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಊರುಗಳ ಮಾತು? ಅಲ್ಲಿ ಯಾರಿದ್ದರು?

ಹೊನ್ನಾವರ ತಾಲೂಕಿನ ಗುಣವಂತೆ, ಇಡಗುಂಜಿ, ಕರ್ಕಿ, ಹೊಸಾಕುಳಿ, ಜಲವಳ್ಳಿ ಮತ್ತು ಹೊನ್ನಾವರ ಪೇಟೆ. ಗುಣವಂತೆಯ ಕೆರೆಮನೆ ಎಂದರೆ ಶಿವರಾಮ ಹೆಗಡೆ, ಶಂಭು ಹೆಗಡೆ, ಮಹಾಬಲ ಹೆಗಡೆಯವರ ಮನೆತನ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇವತ್ತಿಗೂ ಆಟ (ಯಕ್ಷಗಾನ ಪ್ರದರ್ಶನ) ಆಡುತ್ತಿದೆ. ಶಂಭು ಹೆಗಡೆಯವರು 2009ರ ಫೆಬ್ರವರಿ 3ರಂದು ತೀರಿಕೊಂಡದ್ದು ಇಡಗುಂಜಿಯಲ್ಲಿ, ಜಾತ್ರೆಯ ಆಟಕ್ಕೆ ವೇಷ ಕಟ್ಟಿದ್ದಾಗಲೇ. ಹೊಸಾಕುಳಿ ಕಡೆಯವರು ಚಿಟ್ಟಾಣಿ ರಾಮಚಂದ್ರ ಹೆಗಡೆ. ಅವರ ಕೀಚಕ, ಭಸ್ಮಾಸುರ ವೇಷ ನೋಡಲೆಂದೇ ಜನ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ನಿಧನರಾದರು. ಜಲವಳ್ಳಿ ವೆಂಕಟೇಶ ರಾವ್ ಅವರ ಹೆಸರಿನೊಳಗೇ ಊರಿದೆ. ಕರ್ಕಿಯದ್ದು ಇನ್ನೂ ಹಳೆಯ ಪರಂಪರೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಶುರುಮಾಡುವುದಕ್ಕೆ ಮೊದಲು ಅಲ್ಲಿ ಆಟ ಆಡಿ ಬಂದದ್ದು ಕರ್ಕಿ ಮೇಳ (ಯಕ್ಷಗಾನ ತಂಡ) ಎಂದು ಇಲ್ಲಿನವರು ಹೇಳುತ್ತಾರೆ.

ಒಂದು ಮಾತು ಮೊದಲೇ ತಿಳಿದಿರಲಿ. ಇದು ಬೋರ್ಡು ಹಾಕಿ, ಟಿಕೆಟ್ ಕೊಟ್ಟು ತೋರಿಸುವ ಕಲಾವಿದರ ಬೀದಿ ಅಲ್ಲ. ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಆ ಮನೆಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಸಂಸಾರ ಮಾಡಿಕೊಂಡಿದ್ದಾರೆ, ಹಲವರು ಈಗಲೂ ಗೆಜ್ಜೆ ಕಟ್ಟುತ್ತಾರೆ.

ಹಾಗಾದರೆ ಅಲ್ಲೇ ಮನೆ ಬಾಡಿಗೆಗೆ ಹಿಡಿದು ಏನು ಸಿಗುತ್ತದೆ?

ರಾತ್ರಿ ಆಟ ನೋಡಿ ಹತ್ತು ನಿಮಿಷದಲ್ಲಿ ಮನೆ ಸೇರುವ ಅನುಕೂಲ. ಮುರ್ಡೇಶ್ವರದಲ್ಲೋ ಗೋಕರ್ಣದಲ್ಲೋ ರೂಮು ಹಿಡಿದವರು ಹನ್ನೊಂದು ಗಂಟೆಗೇ ಗಡಿಯಾರ ನೋಡತೊಡಗುತ್ತಾರೆ. ಪ್ರಸಂಗ, ಅಂದರೆ ಆಟದ ಕಥೆ, ಕಾವೇರುವುದೇ ಆಮೇಲೆ. ಆದ್ದರಿಂದ ಈ ಭಾಗದಲ್ಲಿ ಮನೆ ಆರಿಸುವಾಗ ಕಡಲು ಕಾಣುತ್ತದೋ ಇಲ್ಲವೋ ಎನ್ನುವುದಕ್ಕಿಂತ, ಆಟ ಆಗುವ ಜಾಗದಿಂದ ನಡುರಾತ್ರಿ ಅಥವಾ ಬೆಳಗಿನ ಜಾವ ಹೇಗೆ ವಾಪಸ್ ಬರುತ್ತೀರಿ ಎಂಬ ಲೆಕ್ಕ ಮುಖ್ಯ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಒಂದೇ ಲೆಕ್ಕದ ಸುತ್ತ ಇವೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಆಟಕ್ಕಾದರೆ ದೀಪಾವಳಿ ಕಳೆದ ಮೇಲಿನಿಂದ ಮೇ ಮೂರನೇ ವಾರದವರೆಗೆ. ಮೇಳಗಳ ತಿರುಗಾಟ ಇರುವುದೇ ಆಗ. ಡಿಸೆಂಬರ್‌ನಿಂದ ಫೆಬ್ರವರಿ ಹವೆಯೂ ಹಿತ, ಬಾವಿಯಲ್ಲಿ ನೀರೂ ಇರುತ್ತದೆ, ಬಾಡಿಗೆ ಹೆಚ್ಚು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡವೇ ಬೇಡ. ಆಗ ಹೆದ್ದಾರಿ ತುಂಬ ಮುರ್ಡೇಶ್ವರಕ್ಕೆ ಹೋಗುವ ವಾಹನಗಳೇ. ಮಾರ್ಚ್ ಕೊನೆಯಿಂದ ಮೇವರೆಗೆ ಸೆಖೆ ವಿಪರೀತ, ಆದರೆ ಆಟದ ಸಂಖ್ಯೆಯೂ ಆಗಲೇ ಜಾಸ್ತಿ.

ಜೂನ್‌ನಿಂದ ಸೆಪ್ಟೆಂಬರ್ ಜಡಿಮಳೆ. ಬಯಲಲ್ಲಿ ಆಟ ಇರುವುದಿಲ್ಲ. ಹಾಗಂತ ಊರು ಸುಮ್ಮನಿರುವುದಿಲ್ಲ: ದೇವಸ್ಥಾನದ ಸಭಾಭವನದಲ್ಲೋ ಯಾರದೋ ಮನೆ ಜಗಲಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ (ಹಾಡುಗಾರರ) ಪದ, ಚಂಡೆ ಮದ್ದಳೆ, ಕೂತಲ್ಲೇ ಅರ್ಥ, ಅಂದರೆ ಪಾತ್ರಗಳ ಮಾತು. ಮಾತಿನ ರುಚಿ ಗೊತ್ತಿದ್ದವರಿಗೆ ಇದೇ ಹೆಚ್ಚು. ಬಾಡಿಗೆ ಮಳೆಗಾಲದಲ್ಲಿ ಸಾಕಷ್ಟು ಇಳಿಯುತ್ತದೆ, ಚೌಕಾಸಿಗೂ ಜಾಗವಿದೆ.

ಆಟ ಎಲ್ಲಿ, ಯಾವತ್ತು ಎಂದು ಮೊದಲೇ ಹೇಗೆ ತಿಳಿಯುವುದು?

ಮನೆ ಬುಕ್ ಮಾಡುವ ಮೊದಲು ಮನೆಯವರನ್ನೇ ಕೇಳಿ: "ಆ ವಾರ ಹತ್ತಿರ ಎಲ್ಲಾದರೂ ಆಟ ಇದ್ಯಾ?" ಹರಕೆ ಹೊತ್ತವರು ಆಡಿಸುವ ಹರಕೆ ಆಟದ ದಿನಾಂಕ ತಿಂಗಳುಗಳ ಮೊದಲೇ ನಿಕ್ಕಿಯಾಗಿರುತ್ತದೆ, ಊರವರಿಗೆ ಗೊತ್ತಿರುತ್ತದೆ. ಟೆಂಟಿನ ಆಟಗಳ ಪಟ್ಟಿಯನ್ನು ಮೇಳಗಳು ತಮ್ಮ ಫೇಸ್‌ಬುಕ್ ಪುಟದಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಾಕುತ್ತವೆ. ಪತ್ರಿಕೆಯ ಜಿಲ್ಲಾ ಪುಟದ "ಇಂದಿನ ಕಾರ್ಯಕ್ರಮ" ಅಂಕಣ, ಹೊನ್ನಾವರ ಬಸ್ ಸ್ಟ್ಯಾಂಡ್ ಸುತ್ತಿನ ಗೋಡೆಯ ಪೋಸ್ಟರು ಇವೆರಡೂ ಇನ್ನೂ ನಂಬಿಕೆಗೆ ಅರ್ಹ. ಹರಕೆ ಆಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು.

ಬುಕಿಂಗ್ ಮಾಡುವಾಗ ಇದು ಇಡೀ ರಾತ್ರಿಯ ಆಟವೋ ಕಾಲಮಿತಿಯದ್ದೋ ಎಂದು ಖಚಿತ ಮಾಡಿಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಈಗ ಬಹಳಷ್ಟು ಆಟಗಳು ಸಂಜೆಯೇ ಶುರುವಾಗಿ ಬೇಗ ಮುಗಿಯುತ್ತವೆ. ಬೆಳಗಿನವರೆಗೆ ಕೂರುವ ಹುಮ್ಮಸ್ಸಿನಲ್ಲಿ ಬಂದು, ಊಟ ಮುಗಿಸಿ ಒಂಬತ್ತೂವರೆಗೆ ಹೊರಟವರಿಗೆ ಆಟ ಮುಗಿಸುವ ಮಂಗಲ ಪದ ಕೇಳಿಸಿದ್ದೂ ಉಂಟು.

ಪೇಟೆಯ ಫ್ಲಾಟೋ, ತೋಟದ ಹೆಂಚಿನ ಮನೆಯೋ?

ವಯಸ್ಸಾದವರು, ಎಳೆ ಮಕ್ಕಳು ಜೊತೆಗಿದ್ದರೆ, ಸ್ವಂತ ವಾಹನ ಇಲ್ಲದಿದ್ದರೆ ಹೊನ್ನಾವರ ಪೇಟೆಯ ಫ್ಲಾಟ್. ಔಷಧಿ ಅಂಗಡಿ, ಆಸ್ಪತ್ರೆ, ಹೋಟೆಲು, ಆಟೋ ಎಲ್ಲ ಕಾಲಳತೆಯಲ್ಲಿ. ಫ್ಲಾಟಿನ ತಕರಾರು ಎರಡು: ಎರಡನೇ ಮಹಡಿಗೂ ಲಿಫ್ಟ್ ಇಲ್ಲದ ಕಟ್ಟಡಗಳು ಬಹಳ, ಬೇಸಿಗೆಯಲ್ಲಿ ತಾರಸಿ ಕಾದು, ಮೇಲಿನ ಮಹಡಿಯ ಕೋಣೆ ರಾತ್ರಿ ಹನ್ನೆರಡಾದರೂ ಆರುವುದಿಲ್ಲ. ಮಧ್ಯದ ಮಹಡಿ ಕೇಳಿ.

ಹೆಂಚಿನ ಮನೆ ಬೇಸಿಗೆಗೆ ತಂಪು. ಅಂಗಳಕ್ಕೆ ಚಪ್ಪರ ಹಾಕಿದ್ದರೆ ಮಧ್ಯಾಹ್ನವೂ ಜಗಲಿಯಲ್ಲಿ ಮಲಗಬಹುದು. ಆದರೆ ಹಳೆಯ ಮನೆಯ ನಡಾವಳಿ ಬೇರೆ. ಬಾಗಿಲು ಗಿಡ್ಡ, ಹೊಸಿಲು ಎತ್ತರ, ಬಚ್ಚಲು ಕೆಲವು ಕಡೆ ಮನೆಯಿಂದ ಹೊರಗೆ. ಕೋಣೆಗಳ ನಡುವಿನ ಗೋಡೆ ಮಾಡಿನವರೆಗೆ (ಛಾವಣಿಯವರೆಗೆ) ಹೋಗಿರುವುದಿಲ್ಲ, ಪಕ್ಕದ ಕೋಣೆಯ ಪಿಸುಮಾತೂ ಕೇಳಿಸುತ್ತದೆ. ಎರಡು ಸಂಸಾರ ಒಟ್ಟಿಗೆ ಬರುವವರು ಇದನ್ನು ಮೊದಲೇ ಯೋಚಿಸಬೇಕು.

ಹೆಂಚಿನ ಮನೆ ಸೋರುತ್ತದೆಯೇ ಎಂದು ಫೋಟೋ ನೋಡಿ ತಿಳಿಯಬಹುದೇ?

ಫೋಟೋದಲ್ಲಿ ತಿಳಿಯದು, ವಿಡಿಯೊ ಕಾಲ್‌ನಲ್ಲಿ ಬಹುಪಾಲು ತಿಳಿಯುತ್ತದೆ. ಹಗಲು ಹೊತ್ತು ಕರೆ ಮಾಡಿ, ಕೋಣೆಯ ದೀಪ ಆರಿಸಿ ಕ್ಯಾಮೆರಾವನ್ನು ಮಾಡಿನ ಕಡೆ ತಿರುಗಿಸಲು ಹೇಳಿ. ಹೆಂಚಿನ ಸಂದಿಯಲ್ಲಿ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಹೆಂಚು ಸರಿದಿದೆ ಅಥವಾ ಒಡೆದಿದೆ. ಗಾಜಿನ ಹೆಂಚಿನ ಬೆಳಕು ಬೇರೆ, ಅದು ಚೌಕಾಗಿ ಕಾಣುತ್ತದೆ. ಕೆಳಗೆ ಹಲಗೆ ಹೊಡೆದಿದ್ದರೆ ಕಂದು ಬಣ್ಣದ ಉಂಗುರದಂಥ ಕಲೆ ನೋಡಿ. ಅಂಚು ಗಾಢವಾಗಿ, ನಡುವೆ ತಿಳಿಯಾಗಿರುವ ಕಲೆ ಎಂದರೆ ನೀರು ಇಳಿದು, ಒಣಗಿ, ಮತ್ತೆ ಇಳಿದ ಜಾಗ. ಮಂಚ ಅದರ ಕೆಳಗೇ ಇದೆಯೇ ಎಂಬುದು ಮುಂದಿನ ಪ್ರಶ್ನೆ.

ಸೋರಲು ಕಾರಣ ಹೆಚ್ಚಾಗಿ ಮಳೆಯಲ್ಲ, ಮಂಗ. ತೆಂಗಿನ ಮರದಿಂದ ಮಾಡಿಗೆ ಹಾರಿದಾಗ ಹೆಂಚು ಜರುಗುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಹೆಂಚು ಕೈಯಾಡಿಸಿದ ಮನೆಯೂ ಆಗಸ್ಟ್ ಹೊತ್ತಿಗೆ ಎರಡು ಕಡೆ ತೊಟ್ಟಿಕ್ಕಬಹುದು. ಮಳೆಗಾಲದಲ್ಲಿ ಬರುವವರು "ಈ ವರ್ಷ ಹೆಂಚು ಸರಿಮಾಡಿಸಿದ್ದೀರಾ?" ಎಂದು ನೇರವಾಗಿ ಕೇಳಿ, ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗಾಳಿ ಹೊಡೆಯುವ ಪಶ್ಚಿಮದ ದಿಕ್ಕಿಗೆ ಜಗಲಿ ಇದ್ದರೆ ಅಲ್ಲಿ ತೆಂಗಿನ ಗರಿಯ ತಟ್ಟಿಯನ್ನೋ ಶೀಟನ್ನೋ ಕಟ್ಟಿರಬೇಕು. ಇಲ್ಲದಿದ್ದರೆ ಇರಚಲು ಹೊಡೆದು ಜಗಲಿ ಇದ್ದೂ ಇಲ್ಲದ ಹಾಗೆ.

ನೀರು ಸಾಕಾಗುತ್ತದೆಯೇ? ಉಪ್ಪಿರುತ್ತದೆಯೇ?

ತೋಟದ ಮನೆಗೆ ಬಾವಿಯೇ ಗತಿ. ಚಿರೇಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ಬಾವಿಯಲ್ಲಿ ಜನವರಿವರೆಗೆ ಧಾರಾಳ, ಏಪ್ರಿಲ್‌ನಲ್ಲಿ ತಳ ಕಾಣಬಹುದು. ಶರಾವತಿಯ ಅಳಿವೆಗೋ ಗಜನಿ ಭೂಮಿಗೋ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತಾಗಿದ ಬಾವಿಗಳಲ್ಲಿ ಬೇಸಿಗೆಗೆ ನೀರು ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ: ಸಿಹಿನೀರಿನ ಒತ್ತಡ ಇಳಿದಾಗ ಭರತದ ನೀರು ಒಳಗೆ ನುಗ್ಗುವುದರಿಂದ. ಆ ನೀರಲ್ಲಿ ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಗುಡ್ಡದ ಬುಡದ ಮನೆಗಳಿಗೆ ಈ ತಾಪತ್ರಯ ಇಲ್ಲ.

ಲೆಕ್ಕ ಹೀಗೆ ಹಾಕಿ. ಸ್ನಾನ, ಶೌಚ, ಪಾತ್ರೆ, ಬಟ್ಟೆ ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 120 ಲೀಟರ್. ಆರು ಜನಕ್ಕೆ 700 ಲೀಟರ್ ದಾಟುತ್ತದೆ. ಮೇಲಿನ ಟ್ಯಾಂಕ್ 500 ಲೀಟರಿನದ್ದಾದರೆ ದಿನಕ್ಕೆ ಎರಡು ಸಲ ಪಂಪ್ ಹಾಕಲೇಬೇಕು, ಕರೆಂಟ್ ಹೋದ ದಿನ ಬೆಳಗ್ಗೆ ಎಂಟಕ್ಕೆ ನಲ್ಲಿ ಬತ್ತುತ್ತದೆ. 1000 ಲೀಟರ್ ಇದ್ದರೆ ಚಿಂತೆ ಇಲ್ಲ. ಪಂಪಿನ ಸ್ವಿಚ್ ಎಲ್ಲಿದೆ, ಟ್ಯಾಂಕ್ ತುಂಬಲು ಎಷ್ಟು ಹೊತ್ತು ಬೇಕು ಎಂದು ಬಂದ ದಿನವೇ ತೋರಿಸಿಕೊಳ್ಳಿ. ಬಾವಿಯಲ್ಲಿ ನೀರಿಲ್ಲದೆ ಪಂಪ್ ಓಡಿದರೆ ಸುಡುತ್ತದೆ, ಆ ಖರ್ಚು ಯಾರದ್ದು ಎಂಬ ಜಗಳ ಇಲ್ಲಿ ಹೊಸದಲ್ಲ. ಕುಡಿಯಲು ಕುದಿಸಿದ ನೀರು, ಅಥವಾ ಕ್ಯಾನ್.

ಬಚ್ಚಲ ಹಂಡೆಗೆ ಒಲೆ ಉರಿ ಹಾಕುವ ಮನೆಯಾದರೆ ಎಣ್ಣೆ ಸ್ನಾನಕ್ಕೆ ಅದನ್ನು ಮೀರಿಸಿದ್ದಿಲ್ಲ. ಒಲೆ ಹೊತ್ತಿಸುವ ಮೊದಲು ಹಂಡೆಯಲ್ಲಿ ನೀರಿದೆಯೋ ನೋಡಿ. ಖಾಲಿ ಹಂಡೆಗೆ ಉರಿ ಬಿದ್ದರೆ ತಳ ಹೋಗುತ್ತದೆ.

ಕರೆಂಟ್, ಇಂಟರ್ನೆಟ್?

ಹೆಸ್ಕಾಂ ಲೈನು ತೋಟ ಗುಡ್ಡಗಳ ನಡುವೆ ಹಾದುಬರುತ್ತದೆ. ಮೇ ತಿಂಗಳ ಗುಡುಗಿಗೆ, ಜೂನ್ ಮೊದಲ ಗಾಳಿಗೆ ಮರ ಬಿದ್ದು ಗಂಟೆಗಟ್ಟಲೆ ಹೋಗುವುದು ಮಾಮೂಲು. "ಇನ್ವರ್ಟರ್ ಇದೆ" ಎಂದರೆ ಸಾಲದು, ಬ್ಯಾಟರಿ ಎಷ್ಟು ಆಂಪಿಯರ್‌ನದ್ದು ಕೇಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಮೂರು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬನ್ನು ನಾಲ್ಕರಿಂದ ನಾಲ್ಕೂವರೆ ಗಂಟೆ ಓಡಿಸುತ್ತದೆ. ಬ್ಯಾಟರಿ ಹಳತಾಗಿದ್ದರೆ ಅರ್ಧ. ಗೀಸರ್, ಎಸಿ, ಮಿಕ್ಸರ್ ಅದರಲ್ಲಿ ಓಡುವುದಿಲ್ಲ, ಓಡಿಸಲು ನೋಡಿದರೆ ಎಲ್ಲವೂ ಒಟ್ಟಿಗೆ ಆರುತ್ತದೆ. ಗುಡುಗು ಶುರುವಾದೊಡನೆ ಟಿವಿ, ಲ್ಯಾಪ್‌ಟಾಪ್, ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತಿಡಿ. ಇಲ್ಲಿನವರು ಮೊದಲು ಮಾಡುವ ಕೆಲಸ ಅದು.

ಮೊಬೈಲ್ ಸಿಗ್ನಲ್ ಹೆದ್ದಾರಿಯ ಬದಿಗೆ ಚೆನ್ನಾಗಿದೆ, ತೋಟದೊಳಗೆ ಇಳಿದಂತೆ ಕ್ಷೀಣ. ಆಫೀಸ್ ಕೆಲಸ ಮಾಡುವವರಿಗೆ ಫೈಬರ್ ಕನೆಕ್ಷನ್ ಇರುವ ಮನೆಯೇ ಬೇಕು. ಮನೆಯವರಿಂದ ಒಂದು ಸ್ಪೀಡ್ ಟೆಸ್ಟ್ ಚಿತ್ರ ತರಿಸಿಕೊಳ್ಳಿ.

ಬರುವುದು ಹೇಗೆ? ಕಾರು ಮನೆ ತನಕ ಹೋಗುತ್ತದೆಯೇ?

ಹೊನ್ನಾವರಕ್ಕೆ ಕೊಂಕಣ ರೈಲಿದೆ, ನಿಲ್ದಾಣ ಪೇಟೆಯಿಂದ ಸ್ವಲ್ಪ ಹೊರಗೆ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹೆಚ್ಚಿನವರ ಆಯ್ಕೆ. ಹಬ್ಬದ ವಾರಗಳಲ್ಲಿ ಟಿಕೆಟ್ ಬೇಗ ಖಾಲಿ. ಗುಣವಂತೆ, ಇಡಗುಂಜಿಗೆ ಹತ್ತಿರ ಮಂಕಿ ನಿಲ್ದಾಣವೂ ಇದೆ, ಆದರೆ ಅಲ್ಲಿ ನಿಲ್ಲುವ ಗಾಡಿ ಕಡಿಮೆ. ರಸ್ತೆಯಲ್ಲಾದರೆ ರಾಷ್ಟ್ರೀಯ ಹೆದ್ದಾರಿ 66. ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡು, ಆಮೇಲೆ ಗುಣವಂತೆ. ಇಡಗುಂಜಿಗೆ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಬೇಕು. ಕರ್ಕಿ ಮಾತ್ರ ಹೊನ್ನಾವರದ ಉತ್ತರಕ್ಕೆ, ಕುಮಟಾ ದಾರಿಯಲ್ಲಿ.

ಕೊನೆಯ ಅರ್ಧ ಕಿಲೋಮೀಟರಿನಲ್ಲೇ ತೊಂದರೆ. ಎರಡೂ ಬದಿ ಚಿರೇಕಲ್ಲಿನ ಪಾಗಾರ (ಆವರಣ ಗೋಡೆ), ನಡುವೆ ಒಂದೇ ಗಾಡಿ ಹಿಡಿಯುವ ದಾರಿ. ಏಳು ಸೀಟಿನ ಕಾರು ಒಳಗೆ ಹೋಗುತ್ತದೆ, ತಿರುಗಿಸಲು ಜಾಗವಿಲ್ಲದೆ ರಿವರ್ಸ್‌ನಲ್ಲೇ ಹೊರಗೆ ಬರಬೇಕು. ಇದನ್ನು ರಾತ್ರಿ ಎರಡು ಗಂಟೆಗೆ, ಅರ್ಧ ನಿದ್ದೆಯಲ್ಲಿ ಮಾಡುವುದನ್ನು ಕಲ್ಪಿಸಿಕೊಳ್ಳಿ. ಅಂಗಳದಲ್ಲಿ ಕಾರು ತಿರುಗಿಸಬಹುದೇ ಎಂದು ಕೇಳಿ; ಆಗದಿದ್ದರೆ ಹೆದ್ದಾರಿ ಬದಿ ಎಲ್ಲಿ ನಿಲ್ಲಿಸಿ ನಡೆಯಬೇಕು ಎಂದು ಹಗಲಲ್ಲೇ ನೋಡಿಟ್ಟುಕೊಳ್ಳಿ. ಟಾರ್ಚ್ ತನ್ನಿ, ಫೋನಿನ ಬೆಳಕು ಸಾಲದು. ಆ ದಾರಿಯಲ್ಲಿ ಹಾವು ಅಡ್ಡ ಬರುವುದು ಅಪರೂಪವೇನಲ್ಲ.

ಆಟೋದಲ್ಲಿ ಹೋಗುವವರು ಆಟಕ್ಕೆ ಇಳಿಸಿದ ಆಟೋದವರ ಜೊತೆಯೇ ವಾಪಸಿನ ಹೊತ್ತು, ದರ ಎರಡನ್ನೂ ಮಾತಾಡಿ ಫೋನ್ ನಂಬರ್ ತೆಗೆದುಕೊಳ್ಳಬೇಕು. ಹತ್ತು ಗಂಟೆಯ ನಂತರ ಹುಡುಕಿದರೆ ಆಟೋ ಸಿಗದು, ಆ್ಯಪ್ ಟ್ಯಾಕ್ಸಿಯನ್ನು ನಂಬಿ ಕೂರಬೇಡಿ.

ಮಳೆಗಾಲದಲ್ಲಿ ಘಟ್ಟದ ದಾರಿಗಳ ಸ್ಥಿತಿ ದಿನದಿನಕ್ಕೆ ಬದಲು. ಶಿರಸಿಯಿಂದ ಇಳಿಯುವ ದೇವಿಮನೆ ಘಟ್ಟ, ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ದಾರಿ ಎರಡರಲ್ಲೂ ಗುಡ್ಡ ಜರಿಯುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಹೊರಡುವ ಬೆಳಿಗ್ಗೆ ಜಿಲ್ಲಾಡಳಿತದ ಪ್ರಕಟಣೆ ನೋಡಿ, ಕತ್ತಲಾದ ಮೇಲೆ ಘಟ್ಟ ಇಳಿಯಬೇಡಿ.

ಬಾಡಿಗೆ ಮಾತಾಡುವಾಗ ಏನೇನು ಸ್ಪಷ್ಟ ಮಾಡಿಕೊಳ್ಳಬೇಕು?

ಮೊದಲನೆಯದು, ದರ ಇಡೀ ಮನೆಗೋ ತಲೆಗೋ. ತಲೆ ಲೆಕ್ಕವಾದರೆ ಎಷ್ಟು ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಊಟ ಸೇರಿದೆಯೋ, ಸೇರಿದ್ದರೆ ಎಷ್ಟು ಹೊತ್ತು. ಎಸಿಗೆ ಬೇರೆ ದುಡ್ಡೋ. ಅಡುಗೆ ಮಾಡಿಕೊಳ್ಳುವುದಾದರೆ ಗ್ಯಾಸ್ ಯಾರದ್ದು. ಹಾಸಿಗೆ, ಹೊದಿಕೆ ಎಷ್ಟು ಜನಕ್ಕಿದೆ. "ಹತ್ತು ಜನ ಮಲಗಬಹುದು" ಎಂದರೆ ನಾಲ್ವರು ಮಂಚದಲ್ಲಿ, ಆರು ಜನ ಚಾಪೆಯಲ್ಲಿ ಎಂದೂ ಅರ್ಥವಾಗಬಹುದು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ: ರಾತ್ರಿ ತಡವಾಗಿ ಬಂದರೆ ಗೇಟಿನ ಕೀಲಿ ನಮ್ಮ ಹತ್ತಿರ ಇರುತ್ತದೋ? ಮನೆಯವರು ಅದೇ ಆವರಣದಲ್ಲಿದ್ದು ಒಂಬತ್ತಕ್ಕೆ ಚಿಲಕ ಹಾಕಿ ಮಲಗುವವರಾದರೆ ಆಟ ನೋಡಲು ಬಂದವರಿಗೆ ಫಜೀತಿ. ನಾಯಿ ಕಟ್ಟಿರುತ್ತಾರೋ ಎಂದೂ ಕೇಳಿ.

ಈ ಎಲ್ಲ ಮಾತನ್ನು ಫೋನಿನಲ್ಲಿ ಮುಗಿಸಿದ ಮೇಲೆ ಅದನ್ನೇ ನಾಲ್ಕು ಸಾಲಲ್ಲಿ ವಾಟ್ಸ್ಆ್ಯಪ್ ಮಾಡಿ, "ಹೌದು" ಎಂಬ ಉತ್ತರ ತೆಗೆದುಕೊಳ್ಳಿ. ಕರಾರುಪತ್ರದ ಅಗತ್ಯ ಇಲ್ಲ, ಈ ನಾಲ್ಕು ಸಾಲು ಸಾಕು.

ಮುಂಗಡ ಕೊಟ್ಟು ಮೋಸ ಹೋಗದಿರಲು?

ಬೇರೆಯವರ ಮನೆಯ ಫೋಟೋ ಹಾಕಿ ಮುಂಗಡ ನುಂಗುವವರು ಎಲ್ಲ ಕಡೆ ಇದ್ದಾರೆ. ವಿಡಿಯೊ ಕಾಲ್‌ನಲ್ಲಿ ಗೇಟಿನಿಂದ ಅಡುಗೆಮನೆವರೆಗೆ ನಡೆದು ತೋರಿಸಲು ಹೇಳಿ. ನೆವ ಹೇಳಿದರೆ ಅಲ್ಲಿಗೇ ಬಿಡಿ. ಯುಪಿಐ ಮಾಡುವಾಗ ತೆರೆಯ ಮೇಲೆ ಬರುವ ಹೆಸರು, ಮಾತಾಡಿದವರು ಹೇಳಿದ ಹೆಸರು ಒಂದೇ ಇರಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾದ ಹೋಂಸ್ಟೇ ಆದರೆ ನೋಂದಣಿ ಸಂಖ್ಯೆ ಕೊಡುತ್ತಾರೆ. ಮುಂಗಡ ಕಾಲು ಭಾಗದಿಂದ ಅರ್ಧದವರೆಗೆ ಸಹಜ. ಪೂರ್ತಿ ಹಣ ಮೊದಲೇ ಕೇಳಿದರೆ ಯೋಚಿಸಿ. ಮಳೆಯಿಂದ ರಸ್ತೆ ಬಂದಾದರೆ ಮುಂಗಡ ವಾಪಸೋ, ಬೇರೆ ದಿನಕ್ಕೆ ಹೊಂದಿಸುತ್ತಾರೋ ಎಂಬುದೂ ಆ ನಾಲ್ಕು ಸಾಲಿನಲ್ಲಿ ಬರಲಿ.

ಯಾವ ದಾಖಲೆ ತರಬೇಕು?

ಮನೆಯಲ್ಲಿ ತಂಗುವ ದೊಡ್ಡವರೆಲ್ಲರ ಗುರುತಿನ ಚೀಟಿ. ಆಧಾರ್ ಕೊಡುವುದಾದರೆ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಸಾಕು. ವಿದೇಶಿ ಪಾಸ್‌ಪೋರ್ಟ್ ಇರುವವರು ಬಂದರೆ ಅವರ ವಿವರವನ್ನು ಮನೆಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗುವಿಗೂ ಇದು ಅನ್ವಯ. ಅಜ್ಜ ಅಜ್ಜಿ "ನಮ್ಮ ಮನೆ ಮಗುವೇ" ಎಂದು ಹೇಳದೆ ಬಿಡುತ್ತಾರೆ, ಆಮೇಲೆ ಪೇಚಾಟ ಮನೆ ಕೊಟ್ಟವರಿಗೆ. ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ ಕಾರ್ಡ್ ಪ್ರತಿ ತನ್ನಿ, ಬುಕ್ ಮಾಡುವಾಗಲೇ ತಿಳಿಸಿ.

ಮೀನು, ಮಾಂಸ ಮಾಡಿಕೊಳ್ಳಬಹುದೇ? ಕುಡಿಯಬಹುದೇ?

ಮನೆ ಯಾರದ್ದು ಎಂಬುದರ ಮೇಲೆ. ಸಸ್ಯಾಹಾರಿ ಬ್ರಾಹ್ಮಣರಾದ ಹವ್ಯಕರ ಮನೆಯಾದರೆ ಮೀನು ಮಾಂಸ ಒಳಗೆ ತರುವ ಹಾಗಿಲ್ಲ, ಪಾರ್ಸೆಲ್ ಕೂಡ. ದೇವರ ಕೋಣೆ ಅಡುಗೆಮನೆಯ ಪಕ್ಕದಲ್ಲೇ ಇರುತ್ತದೆ. ಬುಕ್ ಮಾಡುವಾಗ ಹೇಳದೆ ಬಂದು ಇಲ್ಲಿ ವಾದ ಮಾಡುವುದು ಸಲ್ಲ. ಅದರ ಬದಲು ಸಿಗುವುದೇನು ಕಡಿಮೆಯಲ್ಲ: ಒಂದೆಲಗದ ತಂಬುಳಿ, ಮಾವಿನಮಿಡಿ ಉಪ್ಪಿನಕಾಯಿ, ಬೇಸಿಗೆಗೆ ಅಪ್ಪೆಹುಳಿ, ಹಲಸಿನ ಕಾಲಕ್ಕೆ ಹಲಸಿನ ಎಲೆಯ ಕೊಟ್ಟೆ ಕಡುಬು. ಊಟಕ್ಕೆ ಹೇಳುವುದಾದರೆ ಹಿಂದಿನ ರಾತ್ರಿಯೇ ಹೇಳಿ. ಬೆಳಿಗ್ಗೆ ಹತ್ತಕ್ಕೆ "ನಾವು ಎಂಟು ಜನ" ಎಂದರೆ ತೆಂಗಿನಕಾಯಿ ತುರಿಯುವವರಿಗೆ ಕಷ್ಟ.

ಮೀನೇ ಬೇಕು ಎನ್ನುವವರು ಕಾಸರಕೋಡು ಕಡೆ ಅಥವಾ ಹೊನ್ನಾವರ ಪೇಟೆಯಲ್ಲಿ ಮನೆ ನೋಡಿ. ಬಂದರಿಗೆ ಬೆಳಿಗ್ಗೆ ಹೋದರೆ ಬಂಗಡೆ, ತಾರ್ಲೆ (ಬೂತಾಯಿ), ಶೆಟ್ಲಿ (ಸೀಗಡಿ) ಹಸಿಯಾಗಿ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ನಾಡದೋಣಿಯ, ಹೊಳೆಯ ಮೀನು ಮಾತ್ರ, ದುಬಾರಿ. ಒಣಮೀನು ಕಾಲ ಅದು.

ಕುಡಿತಕ್ಕೆ ಬಹುತೇಕ ಮನೆಗಳಲ್ಲಿ ಅವಕಾಶವಿಲ್ಲ. ಕುಡಿದು ಆಟಕ್ಕೆ ಹೋಗಿ ಗಲಾಟೆ ಮಾಡಿದರೆ ಮೊದಲ ಸಾಲಿನಲ್ಲಿ ಕೂತ ಅಜ್ಜನೇ ಎಬ್ಬಿಸಿ ಕಳಿಸುತ್ತಾನೆ.

ಕಲಾವಿದರ ಮನೆ ನೋಡಬಹುದೇ? ವೇಷ ಕಟ್ಟುವ ಚೌಕಿಯೊಳಗೆ ಹೋಗಬಹುದೇ?

ಮನೆ ಅವರ ಖಾಸಗಿ ಜಾಗ. ಹೇಳದೆ ಹೋಗಿ ಅಂಗಳದಲ್ಲಿ ಸೆಲ್ಫಿ ತೆಗೆಯುವುದು ಬೇಡ. ಗುಣವಂತೆಯಲ್ಲಿ ಇಡಗುಂಜಿ ಮಂಡಳಿಯದ್ದೇ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವಿದೆ. ಅಲ್ಲಿಗೆ ಮೊದಲೇ ಕೇಳಿಕೊಂಡು ಹೋದರೆ ತರಗತಿ, ಪ್ರದರ್ಶನ ಇದ್ದಾಗ ನೋಡಲು ಸಿಗಬಹುದು. ಕೆರೆಮನೆ ಶಂಭು ಹೆಗಡೆಯವರ ಹೆಸರಿನ ನಾಟ್ಯೋತ್ಸವವೂ ಗುಣವಂತೆಯಲ್ಲಿ ನಡೆಯುತ್ತದೆ. ಆ ದಿನಗಳಿಗೆ ಸುತ್ತಲಿನ ಮನೆಗಳು ಬೇಗ ಭರ್ತಿಯಾಗುತ್ತವೆ, ದಿನಾಂಕ ಪ್ರಕಟವಾದೊಡನೆ ಬುಕ್ ಮಾಡಿ.

ಚೌಕಿಗೆ ಹೋಗಬಹುದು, ಮೇಳದವರನ್ನು ಕೇಳಿ. ಚಪ್ಪಲಿ ಹೊರಗೆ: ಒಳಗೆ ಗಣಪತಿಗೆ ದೀಪ ಇಟ್ಟಿರುತ್ತಾರೆ, ಆಟ ಶುರುವಾಗುವುದೂ ಮುಗಿಯುವುದೂ ಆ ದೇವರ ಮುಂದೆ. ಆಟಕ್ಕೆ ಎರಡು ಗಂಟೆ ಮೊದಲು ಹೋದರೆ ನೋಡುವುದು ಬೇಕಾದಷ್ಟಿದೆ. ಚಕ್ಕಳಮಕ್ಕಳ ಹಾಕಿ ಕೂತವರು ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು ಬಲಗೈಯಲ್ಲಿ ಕಡ್ಡಿಯಿಂದ ಹುಬ್ಬಿನ ಮೇಲೆ ಗೆರೆ ಎಳೆಯುತ್ತಿರುತ್ತಾರೆ. ಒಬ್ಬರು ಮುಂಡಾಸಿಗೆ ಜರಿಪಟ್ಟಿ ಸುತ್ತುವಾಗ ಇನ್ನೊಬ್ಬರು ಅದರ ತುದಿ ಹಿಡಿದು ನಿಂತಿರುತ್ತಾರೆ. ಪಟ್ಟಿ ಸಡಿಲಾದರೆ ರಂಗದ ಮೇಲೆ ಮೊದಲ ಸುತ್ತು ತಿರುಗುವಾಗಲೇ ಮುಂಡಾಸು ಬಿಚ್ಚುತ್ತದೆ. ಆ ಹೊತ್ತಿನಲ್ಲಿ ಮಾತಾಡಿಸಬೇಡಿ, ಫ್ಲಾಶ್ ಹೊಡೆಯಬೇಡಿ. ಕಿರೀಟ, ಆಭರಣ ಮುಟ್ಟುವುದಂತೂ ಸುತರಾಂ ಬೇಡ. ಮಕ್ಕಳ ಕೈ ಹಿಡಿದುಕೊಳ್ಳಿ.

ಚಂಡೆ ಸದ್ದಿಗೆ ನಿದ್ದೆ ಬರುವುದಿಲ್ಲವಲ್ಲ?

ಬರುವುದಿಲ್ಲ. ಶಾಂತಿ ಬೇಕೆಂದು ಬರುವವರು ಆಟದ ಬಯಲಿನಿಂದ, ದೇವಸ್ಥಾನದಿಂದ ಎರಡು ಕಿಲೋಮೀಟರಾದರೂ ದೂರದ ಮನೆ ಹಿಡಿಯಿರಿ. ರಥಸಪ್ತಮಿ ಸುಮಾರಿಗೆ ಇಡಗುಂಜಿ ಜಾತ್ರೆ. ಆಗ ಇಡಗುಂಜಿಯಲ್ಲಿ ಕಾರು ನಿಲ್ಲಿಸಲೂ ಜಾಗವಿರದು.

ಹಗಲು ಏನು ನೋಡುವುದು?

ಬೆಳಗಿನವರೆಗೆ ಆಟ ನೋಡಿದವರು ಹಗಲು ಮಲಗಬೇಕು. ಎದ್ದ ಮೇಲೆ ಗುಣವಂತೆಯ ಶಂಭುಲಿಂಗೇಶ್ವರ ದೇವಸ್ಥಾನ, ಗೋಕರ್ಣದ ಆತ್ಮಲಿಂಗದ ಕಥೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಒಂದು. ಸಂಜೆಗೆ ಕಾಸರಕೋಡಿನ ಇಕೋ ಬೀಚ್, 2020ರಲ್ಲಿ ಸ್ವಚ್ಛ ಕಡಲತೀರಕ್ಕೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲ್ಯಾಗ್) ಮಾನ್ಯತೆ ಪಡೆದದ್ದು. ಅಲ್ಲೇ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಹಲಗೆ ದಾರಿ, ಭರತದ ಹೊತ್ತಿಗೆ ಹೋದರೆ ಬೇರಿನ ಮೇಲೆ ನೀರಿರುತ್ತದೆ, ಇಳಿತಕ್ಕೆ ಹೋದರೆ ಏಡಿ ಕಾಣುತ್ತವೆ. ಅಪ್ಸರಕೊಂಡ ಜಲಪಾತ ಬೇಸಿಗೆಯಲ್ಲಿ ಬರೀ ಬಂಡೆ. ಜೋಗ ಸುಮಾರು 60 ಕಿಲೋಮೀಟರ್.

ಕಡಲಿಗಿಳಿಯುವುದು ಜೀವರಕ್ಷಕರು ಇರುವ ಕಡೆ ಮಾತ್ರ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಯೂ ಬೇಡ. ಅಳಿವೆಯ ಬಾಯಲ್ಲಿ ನೀರು ಮೇಲೆ ಶಾಂತವಾಗಿ ಕಂಡರೂ ಇಳಿತದ ಹೊತ್ತಿಗೆ ಕೆಳಗಿನ ಸೆಳೆತ ಹೊರಗೆ ಎಳೆಯುತ್ತದೆ.

ಕಾರವಾರದಲ್ಲಿ ಟಾಗೋರರು ಇದ್ದರಂತೆ, ಅಲ್ಲಿ ಮನೆ ಸಿಗುವುದಿಲ್ಲವೇ?

ಸಿಗುತ್ತದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ ರವೀಂದ್ರರು ಬಂದು ಉಳಿದಿದ್ದರು, ಒಂದು ನಾಟಕ ಬರೆದದ್ದೂ ಅಲ್ಲೇ. ಕಡಲತೀರಕ್ಕೆ ಅವರ ಹೆಸರಿದೆ. ಅದು ಪೇಟೆಯ ಫ್ಲಾಟುಗಳ ಜಾಗ, ತೋಟದ ಮನೆ ನಿರೀಕ್ಷಿಸಬೇಡಿ. ಹೊನ್ನಾವರದಿಂದ ಸುಮಾರು 90 ಕಿಲೋಮೀಟರ್, ಹಾಗಾಗಿ ಎರಡನ್ನೂ ಒಂದೇ ಮನೆಯಿಂದ ನೋಡುವ ಯೋಜನೆ ಬಿಟ್ಟುಬಿಡಿ.

ಕಾಯಿಲೆ, ಕಡಿತ?

ಸೊಳ್ಳೆ ಖಂಡಿತ ಇದೆ, ಪರದೆ ಕೇಳಿ. ಡಿಸೆಂಬರ್‌ನಿಂದ ಮೇವರೆಗೆ ಘಟ್ಟದ ಕಾಡಿನಂಚಿನಲ್ಲಿ ಮಂಗನ ಕಾಯಿಲೆಯ ಭಯವಿದೆ, ಅದು ಹರಡುವುದು ಉಣ್ಣೆ ಹುಳದಿಂದ (ಉಣುಗು). ಕಾಡಿಗೆ ಹೋಗುವವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದೊಡನೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ನೆನೆಹಾಕಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಹೊನ್ನಾವರ ತಾಲೂಕು ಆಸ್ಪತ್ರೆಗೆ. ಹೃದಯದ ತೊಂದರೆಯಂಥ ದೊಡ್ಡ ಚಿಕಿತ್ಸೆಗೆ ಮಣಿಪಾಲಕ್ಕೆ ಹೋಗಬೇಕು, ಎರಡೂವರೆ ಗಂಟೆ ದಾರಿ. ಇದು ಈ ಜಿಲ್ಲೆಯ ಹಳೆಯ ಕೊರಗು. ಅಂಥ ಕಾಯಿಲೆ ಇರುವವರು ಹೆದ್ದಾರಿಗೆ ಹತ್ತಿರದ ಮನೆಯನ್ನೇ ಹಿಡಿಯಬೇಕು.

ಮನೆ ಬಿಡುವ ದಿನ?

ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣ, ಡೈಪರ್ ಚೀಲಕ್ಕೆ ತುಂಬಿ ಕಾರಿನಲ್ಲಿ ಹಾಕಿಕೊಳ್ಳಿ. ಪಂಚಾಯಿತಿ ಕಸದ ಗಾಡಿ ಒಳದಾರಿಗೆ ದಿನಾ ಬರುವುದಿಲ್ಲ, ತೋಟದಲ್ಲಿ ಬಿಟ್ಟರೆ ಕೊಟ್ಟಿಗೆಯ ದನ ತಿನ್ನುತ್ತದೆ. ಪ್ಯಾಡ್, ಒದ್ದೆ ಟಿಶ್ಯೂ ಕಮೋಡಿಗೆ ಹಾಕಿದರೆ ಗುಂಡಿ ಕಟ್ಟುತ್ತದೆ, ಚಿರೇಕಲ್ಲಿನ ಗುಂಡಿ ತೆಗೆಯುವವರು ಸಿಗುವುದು ಕಷ್ಟ. ಪಂಪ್, ಗೀಸರ್, ಗ್ಯಾಸಿನ ರೆಗ್ಯುಲೇಟರ್ ಆರಿಸಿ. ಮಾಡಿನ ಕಡೆಯ ಕಿಟಕಿ ಹಾಕಿ ಚಿಲಕ ನೋಡಿ. ತೆರೆದಿದ್ದರೆ ನೀವು ಗೇಟು ದಾಟುವಷ್ಟರಲ್ಲಿ ಮಂಗ ಅಡುಗೆಮನೆಯಲ್ಲಿರುತ್ತದೆ. ಏನಾದರೂ ಒಡೆದಿದ್ದರೆ ಹೇಳಿ ಹೋಗಿ. ಮುಂದಿನ ವರ್ಷದ ಜಾತ್ರೆಗೆ ಬರುವ ಮನಸ್ಸಿದ್ದರೆ ಹೊರಡುವ ಮೊದಲೇ ಆ ದಿನ ಹೇಳಿಟ್ಟುಬಿಡಿ, ಹಳಬರಿಗೆ ಮೊದಲು ಕೊಡುವ ವಾಡಿಕೆ ಇಲ್ಲಿದೆ.